ನೈಸರ್ಗಿಕ ಥೈರಾಯ್ಡ್ ಮಾತ್ರೆ ಮತ್ತು ಹಾರ್ಮೋನಿನ ಲೆಕ್ಕಾಚಾರ: ಪದೇ ಪದೇ ಕೇಳುವ ಪ್ರಶ್ನೆಗಳು

"ಟಿ4 ಕೆಳಗಿದೆ, ಟಿ3 ಮೇಲಿದೆ, ಟಿಎಸ್‌ಎಚ್ ನೆಲಕಚ್ಚಿದೆ. ಈಗ ಮಾತ್ರೆ ಹೆಚ್ಚಿಸಬೇಕೋ, ಇಳಿಸಬೇಕೋ?" ಥೈರಾಯ್ಡ್ ಕೊರತೆಗೆಂದು ಒಣಗಿಸಿದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಿಗೆ ಲ್ಯಾಬ್ ರಿಪೋರ್ಟ್ ಕೈಗೆ ಬಂದ ದಿನ ತಲೆ ಕೆಡುವುದು ಇಲ್ಲೇ. ಟಿ4, ಟಿ3 ಎರಡೂ ಥೈರಾಯ್ಡ್ ಹಾರ್ಮೋನುಗಳು, ಟಿಎಸ್‌ಎಚ್ ಅವನ್ನು ಮಾಡಿಸುವ ಆದೇಶ; ವಿವರ ಮುಂದಿದೆ. ವರ್ಷಗಟ್ಟಲೆ ಈ ಮಾತ್ರೆ ನುಂಗಿದವಳು ನಾನು, ವೈದ್ಯೆಯಲ್ಲ. ರಿಪೋರ್ಟನ್ನು ಓದುವುದು ಹೇಗೆ, ವೈದ್ಯರ ಹತ್ತಿರ ಏನು ಕೇಳಬೇಕು ಎಂಬಷ್ಟಕ್ಕೆ ಈ ಬರಹ. ಡೋಸ್ ಬದಲಿಸುವ ಕೆಲಸ ಅವರದು.

ನೈಸರ್ಗಿಕ ಥೈರಾಯ್ಡ್ ಮಾತ್ರೆ ಎಂದರೆ ಏನು?

ಹಂದಿಯ ಥೈರಾಯ್ಡ್ ಗ್ರಂಥಿಯನ್ನು ಒಣಗಿಸಿ, ಪುಡಿ ಮಾಡಿ, ಹಾರ್ಮೋನಿನ ಪ್ರಮಾಣ ಅಳೆದು ಮಾಡಿದ ಮಾತ್ರೆ. ಪ್ರಾಣಿಜನ್ಯ ವಸ್ತು ಬೇಡವೆನ್ನುವವರು ಇದನ್ನು ಮೊದಲೇ ತಿಳಿದಿರಬೇಕು. ಅಳತೆ ಇನ್ನೂ ಹಳೆಯ ಕಾಲದ್ದೇ, ಗ್ರೇನ್. ಒಂದು ಗ್ರೇನ್ ಎಂದರೆ ಬ್ರಾಂಡ್ ನೋಡಿಕೊಂಡು 60 ಅಥವಾ 65 ಮಿಲಿಗ್ರಾಂ. ಅದರಲ್ಲಿ ಟಿ4 ಸುಮಾರು 38 ಮೈಕ್ರೋಗ್ರಾಂ, ಟಿ3 ಸುಮಾರು 9 ಮೈಕ್ರೋಗ್ರಾಂ. ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಳ್ಳಿ, ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಇವುಗಳಲ್ಲೇ ಇದೆ.

ಚಿಕಿತ್ಸೆ ಹೊಸದೇನಲ್ಲ. 1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆ, ಥೈರಾಯ್ಡ್ ಕೊರತೆಯಿಂದ ಮೈ ಊದಿಕೊಂಡಿದ್ದ ಮಹಿಳೆಯೊಬ್ಬರಿಗೆ ಕುರಿಯ ಥೈರಾಯ್ಡಿನ ರಸವನ್ನು ಚುಚ್ಚಿದರು. ಆಕೆ ಚೇತರಿಸಿಕೊಂಡು ಮುಂದೆ 28 ವರ್ಷ ಬದುಕಿದರು. ಅಷ್ಟು ವರ್ಷಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತಂತೆ. ಮರುವರ್ಷವೇ ಬೇರೆ ವೈದ್ಯರು ಬಾಯಿಯ ಮೂಲಕ ಕೊಟ್ಟರೂ ಅದು ಕೆಲಸ ಮಾಡುತ್ತದೆ ಎಂದು ತೋರಿಸಿದರು.

"ನೈಸರ್ಗಿಕ" ಎಂಬ ಹೆಸರಿನ ಬಗ್ಗೆ ನನಗೊಂದು ತಕರಾರಿದೆ. ಇದು ಹಂದಿಗೆ ನೈಸರ್ಗಿಕ. ಈ ಮಾತ್ರೆಯಲ್ಲಿ ಟಿ4 ಮತ್ತು ಟಿ3 ಸುಮಾರು 4ಕ್ಕೆ 1ರಂತೆ ಇವೆ. ಮನುಷ್ಯನ ಗ್ರಂಥಿ ಸುರಿಸುವುದು ಹತ್ತಿರ ಹತ್ತಿರ 14ಕ್ಕೆ 1ರಂತೆ. ನಮ್ಮ ದೇಹ ಕೇಳುವುದಕ್ಕಿಂತ ಟಿ3ಯ ಪಾಲು ಇದರಲ್ಲಿ ಬಹಳ ಜಾಸ್ತಿ. ಮಾತ್ರೆಯ ಗುಣವೂ ಅದೇ, ಗೋಳೂ ಅದೇ.

ಟಿ4, ಟಿ3, ಟಿಎಸ್‌ಎಚ್: ಯಾರ ಕೆಲಸ ಏನು?

ಟಿ4 ದಾಸ್ತಾನು. ದೇಹದ ಅಂಗಾಂಗಗಳು ಬೇಕಾದಾಗ ಬೇಕಾದಷ್ಟನ್ನು ಟಿ3 ಆಗಿ ಬದಲಿಸಿಕೊಳ್ಳುತ್ತವೆ. ಜೀವಕೋಶದೊಳಗೆ ನಿಜವಾಗಿ ಕೆಲಸ ಮಾಡುವುದು ಟಿ3. ಆರೋಗ್ಯವಂತರಲ್ಲಿ ಟಿ3ಯ ನೂರಕ್ಕೆ ಸುಮಾರು 80 ಭಾಗ ಹೀಗೆ ಗ್ರಂಥಿಯ ಹೊರಗೇ ತಯಾರಾಗುತ್ತದೆ. ಟಿಎಸ್‌ಎಚ್ ಥೈರಾಯ್ಡ್ ಹಾರ್ಮೋನ್ ಅಲ್ಲ. "ಇನ್ನಷ್ಟು ಮಾಡು" ಎಂದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ಆದೇಶ. ರಕ್ತದಲ್ಲಿ ಹಾರ್ಮೋನ್ ಕಡಿಮೆಯಾದರೆ ಆದೇಶದ ದನಿ ಏರುತ್ತದೆ, ಹೆಚ್ಚಾದರೆ ತಗ್ಗುತ್ತದೆ.

ನನ್ನ ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಟಿ4) ಯಾವಾಗಲೂ ಕೆಳಗೇ ಇರುತ್ತದೆ. ಡೋಸ್ ಸಾಲುತ್ತಿಲ್ಲವೇ?

ಹಾಗೆಂದು ತೀರ್ಮಾನಿಸಲು ಆಗುವುದಿಲ್ಲ. ಅತಿ ಹೆಚ್ಚು ಜನ ಎಡವುವ ಜಾಗ ಇದು.

ಥೈರಾಯ್ಡ್ ಕೊರತೆಗೆ ಸಾಮಾನ್ಯವಾಗಿ ಕೊಡುವ ಸಂಶ್ಲೇಷಿತ ಮಾತ್ರೆ ಲೆವೋಥೈರಾಕ್ಸಿನ್ ಬರೀ ಟಿ4. ಅದನ್ನು ತೆಗೆದುಕೊಳ್ಳುವವರ ದೇಹ ಟಿ3 ಪೂರ್ತಿಯನ್ನೂ ಅದರಿಂದಲೇ ಮಾಡಿಕೊಳ್ಳಬೇಕು, ಹಾಗಾಗಿ ರಕ್ತದಲ್ಲಿ ಟಿ4 ಎತ್ತರದಲ್ಲೇ ಇರುತ್ತದೆ. ಒಣಗಿಸಿದ ಥೈರಾಯ್ಡ್ ತೆಗೆದುಕೊಳ್ಳುವವರಿಗೆ ಟಿ3ಯ ಒಂದು ಪಾಲು ಸಿದ್ಧವಾಗಿಯೇ ಬರುತ್ತದೆ. ದಾಸ್ತಾನು ಕಡಿಮೆ ಇದ್ದರೂ ನಡೆಯುತ್ತದೆ. ಪಿಟ್ಯುಟರಿಯೂ ಆ ಟಿ3ಯನ್ನು ಕಂಡು ಸುಮ್ಮನಾಗುತ್ತದೆ. ಹೀಗಾಗಿ ಟಿಎಸ್‌ಎಚ್ ಸರಿ, ಟಿ3 ಸರಿ, ಟಿ4 ಮಾತ್ರ ಮಿತಿಯ ಕೆಳ ಅಂಚಿನಲ್ಲಿ ಅಥವಾ ಅದಕ್ಕಿಂತ ಚೂರು ಕೆಳಗೆ. ಈ ಮಾತ್ರೆ ತೆಗೆದುಕೊಳ್ಳುವವರ ರಿಪೋರ್ಟ್ ಸಾಮಾನ್ಯವಾಗಿ ಕಾಣುವುದೇ ಹೀಗೆ.

ಆ ಕೆಂಪಕ್ಷರದ ಟಿ4 ನೋಡಿ ಡೋಸ್ ಏರಿಸುತ್ತಾ ಹೋದರೆ ಏನಾಗುತ್ತದೆ? ಟಿ4 ಒಂದಿಷ್ಟು ಮೇಲೆ ಬರುತ್ತದೆ, ಅದರ ಜೊತೆಗೆ ಟಿ3 ಮಿತಿ ದಾಟುತ್ತದೆ. ಒಂದೇ ಮಾತ್ರೆಯಲ್ಲಿ ಎರಡೂ ಕಟ್ಟಿಹಾಕಿಕೊಂಡಿವೆ. ಒಂದನ್ನು ಬಿಟ್ಟು ಇನ್ನೊಂದನ್ನು ಏರಿಸಲಾಗದು. ಟಿ4 ನಿಜವಾಗಿಯೂ ತೀರಾ ಕಡಿಮೆಯಿದ್ದು ಕೊರತೆಯ ಲಕ್ಷಣಗಳೂ ಇದ್ದರೆ, ಕೆಲವು ವೈದ್ಯರು ಒಣ ಥೈರಾಯ್ಡಿನ ಪ್ರಮಾಣ ಇಳಿಸಿ ಜೊತೆಗೆ ಸ್ವಲ್ಪ ಲೆವೋಥೈರಾಕ್ಸಿನ್ ಸೇರಿಸುತ್ತಾರೆ. ಆಗ ಅನುಪಾತ ಮನುಷ್ಯರ ಲೆಕ್ಕಕ್ಕೆ ಹತ್ತಿರವಾಗುತ್ತದೆ. "ಶುದ್ಧ ನೈಸರ್ಗಿಕವೇ ಬೇಕು" ಎನ್ನುವವರಿಗೆ ಈ ಬೆರಕೆ ಹಿಡಿಸುವುದಿಲ್ಲ. ಆದರೆ ಆ ಟಿ4 ಸಂಶ್ಲೇಷಿತವೋ ಹಂದಿಯದೋ ಎಂದು ಜೀವಕೋಶ ಕೇಳುವುದಿಲ್ಲ, ಅಣು ಒಂದೇ.

ಟಿ3 ಒಂದು ಸಲ ಹೆಚ್ಚು, ಇನ್ನೊಂದು ಸಲ ಕಡಿಮೆ ಬರುತ್ತದೆ. ಯಾವುದನ್ನು ನಂಬಲಿ?

ಗಡಿಯಾರವನ್ನು ಕೇಳಿ. ರಕ್ತ ಕೊಟ್ಟದ್ದು ಮಾತ್ರೆ ನುಂಗುವ ಮೊದಲೋ ಆಮೇಲೋ?

ಟಿ4 ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು, ಟಿ3ಗೆ ಸುಮಾರು 1 ದಿನ ಸಾಕು. ಮಾತ್ರೆ ನುಂಗಿದ 2ರಿಂದ 4 ಗಂಟೆಯೊಳಗೆ ಟಿ3 ಶಿಖರ ಮುಟ್ಟಿ ಆಮೇಲೆ ಇಳಿಯುತ್ತಾ ಬರುತ್ತದೆ. ಬೆಳಿಗ್ಗೆ 6ಕ್ಕೆ ಮಾತ್ರೆ ತೆಗೆದುಕೊಂಡು 9ಕ್ಕೆ ರಕ್ತ ಕೊಟ್ಟರೆ ಶಿಖರದ ಅಂಕಿ ಸಿಗುತ್ತದೆ. ಅದೇ ದಿನ ಮಾತ್ರೆ ತೆಗೆದುಕೊಳ್ಳದೆ ಕೊಟ್ಟಿದ್ದರೆ ತಗ್ಗಿನ ಅಂಕಿ. ಎರಡೂ ಸುಳ್ಳಲ್ಲ, ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಮೊದಲ ವರ್ಷ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಒಂದು ಪರೀಕ್ಷೆಗೆ ಮಾತ್ರೆ ನುಂಗಿ ಹೋದೆ, ಟಿ3 ಹೆಚ್ಚು ಎಂದು ಡೋಸ್ ಇಳಿಯಿತು. ಮುಂದಿನದಕ್ಕೆ ಮಾತ್ರೆ ಮರೆತು ಹೋದೆ, ಕಡಿಮೆ ಎಂದು ಏರಿತು. ಆರು ತಿಂಗಳು ಹೀಗೆ ಉಯ್ಯಾಲೆ ಆಡಿದ ಮೇಲೆ ಗೊತ್ತಾಯಿತು: ಬದಲಾಗುತ್ತಿದ್ದುದು ನನ್ನ ಥೈರಾಯ್ಡ್ ಅಲ್ಲ, ನಾನು ಲ್ಯಾಬ್‌ಗೆ ಹೋದ ಹೊತ್ತು.

ಬಹುತೇಕ ಎಲ್ಲರಿಗೂ ಒಗ್ಗುವ ಕ್ರಮವೆಂದರೆ, ಪ್ರತಿ ಸಲವೂ ಬೆಳಿಗ್ಗೆ ಒಂದೇ ಹೊತ್ತಿಗೆ, ಆ ದಿನದ ಮಾತ್ರೆಗೆ ಮುಂಚೆ ರಕ್ತ ಕೊಡುವುದು. ಮಾತ್ರೆಯನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಸೂಜಿ ತೆಗೆದ ಮೇಲೆ ನುಂಗಿ. ಟಿಎಸ್‌ಎಚ್ ಕೂಡ ದಿನದ ಹೊತ್ತಿಗೆ ತಕ್ಕಂತೆ ಬದಲಾಗುತ್ತದೆ. ರಾತ್ರಿ ಮತ್ತು ನಸುಕಿನಲ್ಲಿ ಹೆಚ್ಚು, ಮಧ್ಯಾಹ್ನದ ನಂತರ ಕಡಿಮೆ. ರಿಪೋರ್ಟಿನ ಮೂಲೆಯಲ್ಲಿ "ಕೊನೆಯ ಮಾತ್ರೆ ಇಂಥ ಹೊತ್ತಿಗೆ, ರಕ್ತ ಇಂಥ ಹೊತ್ತಿಗೆ" ಎಂದು ಪೆನ್ನಿನಲ್ಲಿ ಬರೆದಿಡಿ. ಈ ಒಂದು ಸಾಲಿಲ್ಲದ ರಿಪೋರ್ಟ್ ನನ್ನ ಲೆಕ್ಕದಲ್ಲಿ ಅರ್ಧ ರಿಪೋರ್ಟ್.

ಒಂದು ಎಚ್ಚರಿಕೆಯೂ ಇದೆ. ತಗ್ಗಿನ ಅಂಕಿಯೇ ಮಿತಿಯ ಮೇಲ್ತುದಿಯಲ್ಲಿದ್ದರೆ, ಶಿಖರದ ಹೊತ್ತಿಗೆ ಅದು ಮಿತಿ ದಾಟಿರುತ್ತದೆ ಎಂದೇ ಅರ್ಥ.

ಮಾತ್ರೆಯನ್ನು ಎರಡು ಹೊತ್ತಿಗೆ ಹಂಚಿಕೊಳ್ಳಬಹುದೇ?

ಬೆಳಿಗ್ಗೆ ಹತ್ತರ ಹೊತ್ತಿಗೆ ಎದೆ ಡವಡವ, ಸಂಜೆ ನಾಲ್ಕಕ್ಕೆ ಬ್ಯಾಟರಿ ಖಾಲಿ: ಹೀಗೆ ಹೇಳುವವರಿಗೆ ಹಂಚಿಕೆ ನೆರವಾಗಬಹುದು. ಶಿಖರ ಗಿಡ್ಡವಾಗುತ್ತದೆ, ತಗ್ಗೂ ಅಷ್ಟು ಆಳಕ್ಕೆ ಹೋಗುವುದಿಲ್ಲ. ಬೆಲೆ ತೆರಬೇಕಾದದ್ದು ಬೇರೆ ಕಡೆ. ಎರಡನೆಯ ಸಲಕ್ಕೂ ಖಾಲಿ ಹೊಟ್ಟೆ ಬೇಕು, ಮರೆಯುವ ಸಾಧ್ಯತೆಯೂ ಎರಡು ಪಟ್ಟು. ತಡವಾಗಿ ತೆಗೆದುಕೊಂಡರೆ ಕೆಲವರಿಗೆ ನಿದ್ದೆ ಹತ್ತುವುದಿಲ್ಲ.

ಡೋಸ್ ಬದಲಾದ ಎಷ್ಟು ದಿನಕ್ಕೆ ಪರೀಕ್ಷೆ?

6ರಿಂದ 8 ವಾರ. ಟಿ3 ಕೆಲವೇ ದಿನಗಳಲ್ಲಿ ನೆಲೆಗೊಳ್ಳುತ್ತದೆ, ಟಿ4 ನೆಲೆಗೊಳ್ಳಲು 5–6 ವಾರ ಬೇಕು, ಅದನ್ನು ನೋಡಿ ಹೊಂದಿಕೊಳ್ಳುವ ಟಿಎಸ್‌ಎಚ್ ಇನ್ನೂ ನಿಧಾನ. ಹೊಸ ಡೋಸಿನ ಮೊದಲ ವಾರ "ಆಹಾ, ಜೀವ ಬಂತು" ಅನಿಸಿ, ನಾಲ್ಕನೆಯ ವಾರಕ್ಕೆ ಕೈ ನಡುಗಲು ಶುರುವಾಗುವುದು ಇದೇ ಕಾರಣಕ್ಕೆ. ಟಿ4 ಆಗಿನ್ನೂ ತುಂಬಿಕೊಳ್ಳುತ್ತಿರುತ್ತದೆ. ಎಲ್ಲ ಹದಕ್ಕೆ ಬಂದ ಮೇಲೆ ವರ್ಷಕ್ಕೆ ಒಂದೆರಡು ಪರೀಕ್ಷೆ ಸಾಕಾಗಬಹುದು.

ಟಿಎಸ್‌ಎಚ್ 0.1ಕ್ಕಿಂತ ಕೆಳಗಿದೆ, ಆದರೆ ನಾನು ಆರಾಮಾಗಿದ್ದೇನೆ. ಹಾಗೇ ಬಿಡಲೇ?

ಬಿಡಬೇಡಿ ಎಂಬುದೇ ನನ್ನ ಅಭಿಪ್ರಾಯ. "ಟಿಎಸ್‌ಎಚ್ ನೋಡಬೇಡಿ, ಲಕ್ಷಣ ನೋಡಿ" ಎಂಬ ಮಾತು ಈ ಮಾತ್ರೆಯ ಅಭಿಮಾನಿಗಳಲ್ಲಿ ಬಹಳ ಚಾಲ್ತಿಯಲ್ಲಿದೆ. ಅದರಲ್ಲಿ ಅರ್ಧ ಸತ್ಯವೂ ಇದೆ: ಟಿ3 ಇರುವ ಮಾತ್ರೆ ಟಿಎಸ್‌ಎಚ್ ಅನ್ನು ಬೇಗ ಕೆಳಕ್ಕೆ ತಳ್ಳುತ್ತದೆ. ಆದರೆ ಹೃದಯ ಮತ್ತು ಮೂಳೆ ಲಕ್ಷಣ ತೋರಿಸದೆಯೇ ಸವೆಯಬಲ್ಲವು. 1994ರಲ್ಲಿ ಪ್ರಕಟವಾದ, ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಹೃದಯ ಅಧ್ಯಯನದಲ್ಲಿ, 60 ವರ್ಷ ದಾಟಿದವರ ಪೈಕಿ ಟಿಎಸ್‌ಎಚ್ 0.1 ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ, ಮುಂದಿನ 10 ವರ್ಷಗಳಲ್ಲಿ ಹೃದಯದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಬರುವ ಅಪಾಯ ಸುಮಾರು 3 ಪಟ್ಟು ಕಂಡುಬಂತು. ಮುಟ್ಟು ನಿಂತ ಮಹಿಳೆಯರಲ್ಲಿ ಮೂಳೆ ತೆಳುವಾಗುವ ಚಿಂತೆ ಇದರ ಜೊತೆಗೆ.

ಸಾಮಾನ್ಯವಾಗಿ ವಯಸ್ಕರಿಗೆ 0.4ರಿಂದ 4.0 ಎಂಬ ಮಿತಿಯೊಳಗೆ ಟಿಎಸ್‌ಎಚ್ ಇರಲಿ ಎಂದು ನೋಡುತ್ತಾರೆ. ವಯಸ್ಸಾದಂತೆ ಮೇಲಿನ ಮಿತಿ ಸ್ವಲ್ಪ ಸಡಿಲ. ಎರಡು ಸಂದರ್ಭಗಳಲ್ಲಿ ಈ ಲೆಕ್ಕವೇ ಬೇರೆ. ಪಿಟ್ಯುಟರಿಯೇ ಕೆಟ್ಟಿದ್ದರೆ ಟಿಎಸ್‌ಎಚ್ ಅಂಕಿಗೆ ಅರ್ಥವಿಲ್ಲ. ಥೈರಾಯ್ಡ್ ಕ್ಯಾನ್ಸರ್ ಆದವರಲ್ಲಿ ಕೆಲವರಿಗೆ ವೈದ್ಯರೇ ಬೇಕೆಂದು ಟಿಎಸ್‌ಎಚ್ ತಗ್ಗಿಸಿ ಇಟ್ಟಿರುತ್ತಾರೆ.

ಡೋಸ್ ಹೆಚ್ಚಾಗಿದೆ ಎಂದು ಹೇಗೆ ತಿಳಿಯುವುದು?

ಕೂತಲ್ಲೇ ನಾಡಿ ಓಡುವುದು, ಬೆರಳು ನಡುಗುವುದು, ಸೆಖೆ ತಡೆಯಲಾಗದಿರುವುದು, ಬೆವರು, ಭೇದಿ, ನಿದ್ದೆಗೆಡುವುದು, ಕಾರಣವಿಲ್ಲದೆ ರೇಗುವುದು. ಸುಸ್ತು ಮಾತ್ರ ಮೋಸಗಾತಿ, ಅದು ಕಡಿಮೆಯಾದರೂ ಬರುತ್ತದೆ, ಹೆಚ್ಚಾದರೂ ಬರುತ್ತದೆ. ಬೆಳಿಗ್ಗೆ ಏಳುವ ಮುಂಚೆ ಒಂದು ನಿಮಿಷ ನಾಡಿ ಎಣಿಸಿ ಬರೆದಿಡುವ ಅಭ್ಯಾಸಕ್ಕೆ ಖರ್ಚಿಲ್ಲ, ಉಪಯೋಗ ಬಹಳ. ಎದೆನೋವು, ಉಸಿರುಗಟ್ಟುವಿಕೆ, ಲಯವಿಲ್ಲದ ಎದೆಬಡಿತ ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.

ಲೆವೋಥೈರಾಕ್ಸಿನ್‌ನಿಂದ ಇದಕ್ಕೆ ಬದಲಾಗುವಾಗ ಡೋಸ್ ಲೆಕ್ಕ ಹೇಗೆ?

ಹಳೆಯ ಕೋಷ್ಟಕಗಳು 1 ಗ್ರೇನ್‌ಗೆ 100 ಮೈಕ್ರೋಗ್ರಾಂ ಲೆವೋಥೈರಾಕ್ಸಿನ್ ಸಮ ಎನ್ನುತ್ತವೆ. ಈಗ ಇನ್ನೊಂದು ದಾರಿಯಲ್ಲಿ ಲೆಕ್ಕ ಹಾಕಿ. ಟಿ3ಯ ಬಲ ಟಿ4ಕ್ಕಿಂತ 3–4 ಪಟ್ಟು ಎಂದು ಹಿಡಿದರೆ, 9 ಮೈಕ್ರೋಗ್ರಾಂ ಟಿ3 ಎಂದರೆ 27ರಿಂದ 36 ಮೈಕ್ರೋಗ್ರಾಂ ಟಿ4ಗೆ ಸಮ. ಅದಕ್ಕೆ 38 ಸೇರಿಸಿದರೆ 65ರಿಂದ 74. ಒಂದೇ ಮಾತ್ರೆಗೆ ಎರಡು ಉತ್ತರ! ಯಾವ ಕೋಷ್ಟಕವೂ ಆರಂಭದ ಅಂದಾಜಿಗಷ್ಟೇ ಎಂದು ಇದರಿಂದಲೇ ಗೊತ್ತಾಗುತ್ತದೆ. ತುಸು ಕಡಿಮೆಯಿಂದ ಶುರು ಮಾಡಿ ಪರೀಕ್ಷೆ ನೋಡಿ ಏರಿಸುವವರು ನನ್ನ ಪ್ರಕಾರ ಜಾಣ ವೈದ್ಯರು.

ಹೊಸದಾಗಿ ಚಿಕಿತ್ಸೆ ಶುರು ಮಾಡುವವರಿಗೆ ಔಷಧದ ಜೊತೆ ಬರುವ ಮಾಹಿತಿ ಚೀಟಿಯಲ್ಲಿ ಇರುವ ಕ್ರಮ: 30 ಮಿಲಿಗ್ರಾಂನಿಂದ ಆರಂಭ, 2–3 ವಾರಕ್ಕೊಮ್ಮೆ 15 ಮಿಲಿಗ್ರಾಂ ಏರಿಕೆ, ಹೃದಯದ ತೊಂದರೆ ಇದ್ದರೆ 15ರಿಂದಲೇ ಆರಂಭ. ಹೆಚ್ಚಿನವರು 60ರಿಂದ 120 ಮಿಲಿಗ್ರಾಂ ನಡುವೆ ನಿಲ್ಲುತ್ತಾರೆ.

ಮಾತ್ರೆಯನ್ನು ಯಾವಾಗ, ಹೇಗೆ ತೆಗೆದುಕೊಳ್ಳಬೇಕು?

ಖಾಲಿ ಹೊಟ್ಟೆಗೆ, ಬರೀ ನೀರಿನ ಜೊತೆ, ತಿಂಡಿಗೆ ಮತ್ತು ಕಾಫಿಗೆ ಅರ್ಧದಿಂದ ಒಂದು ಗಂಟೆ ಮುಂಚೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ 4 ಗಂಟೆ ಅಂತರ. ಸೋಯಾ, ನಾರಿನ ಪುಡಿ, ಎದೆಯುರಿಯ ಮಾತ್ರೆಗಳು ಹೀರಿಕೆಗೆ ಅಡ್ಡಿ ಮಾಡುತ್ತವೆ. ಬೆಳಿಗ್ಗೆ ಕಾಫಿ ಬಿಟ್ಟು ಕಾಯಲು ಸಾಧ್ಯವೇ ಇಲ್ಲ ಎನ್ನುವವರೂ ಇದ್ದಾರೆ. ಅವರಿಗೆ ಒಂದೇ ಮಾತು, ಮಾಡುವುದನ್ನು ದಿನಾ ಒಂದೇ ರೀತಿ ಮಾಡಿ. ಹೀರಿಕೆ ದಿನಾ ಒಂದೇ ಸಮನೆ ನೂರಕ್ಕೆ 10 ಭಾಗ ಕಡಿಮೆಯಿದ್ದರೆ ಅದಕ್ಕೆ ತಕ್ಕ ಡೋಸ್ ಹುಡುಕಬಹುದು. ಇವತ್ತೊಂದು ನಾಳೆಯೊಂದು ಆದರೆ ಯಾವ ಡೋಸೂ ಹೊಂದುವುದಿಲ್ಲ.

ನಾಲಿಗೆ ಕೆಳಗಿಟ್ಟು ಕರಗಿಸಿದರೆ ಹೆಚ್ಚು ಪರಿಣಾಮವೇ?

ಹಾಗೆಂದು ನಂಬಲು ಗಟ್ಟಿ ಆಧಾರವಿಲ್ಲ. ಕೊನೆಗೆ ಎಲ್ಲವೂ ಎಂಜಲಿನ ಜೊತೆ ಹೊಟ್ಟೆಗೇ ಹೋಗುತ್ತದೆ. ರುಚಿಯೂ ಅಷ್ಟಕ್ಕಷ್ಟೇ.

ಕೂದಲಿಗೆಂದು ಬಯೋಟಿನ್ (ಒಂದು ಬಗೆಯ ಬಿ ವಿಟಮಿನ್) ತಿನ್ನುತ್ತೇನೆ. ತೊಂದರೆಯೇ?

ದೇಹಕ್ಕಲ್ಲ, ಪರೀಕ್ಷೆಗೆ. ಹಲವು ಲ್ಯಾಬ್‌ಗಳ ಯಂತ್ರಗಳು ಬಯೋಟಿನ್ ಅನ್ನೇ ಬಳಸಿ ಅಳೆಯುತ್ತವೆ. ರಕ್ತದಲ್ಲಿ ಅದು ಹೆಚ್ಚಿದ್ದರೆ ಟಿ4, ಟಿ3 ಇಲ್ಲದ ಎತ್ತರ ತೋರಿಸುತ್ತವೆ, ಟಿಎಸ್‌ಎಚ್ ಸುಳ್ಳೇ ತಗ್ಗುತ್ತದೆ. ಡೋಸ್ ಅತಿಯಾದವರ ರಿಪೋರ್ಟಿನ ಪಡಿಯಚ್ಚು! ಥೈರಾಯ್ಡ್ ಕೊರತೆಯಿಂದ ಕೂದಲು ಉದುರಿ, ಕೂದಲಿಗೆಂದು ಬಯೋಟಿನ್ ತಿಂದು, ಅದರಿಂದ ರಿಪೋರ್ಟ್ ಕೆಟ್ಟು, ಥೈರಾಯ್ಡ್ ಡೋಸ್ ಕಡಿಮೆಯಾಗಿ ಮತ್ತೆ ಕೂದಲು ಉದುರುವ ಸುಳಿಗೆ ಸಿಕ್ಕಿದವರಿದ್ದಾರೆ. ಪರೀಕ್ಷೆಗೆ ಕನಿಷ್ಠ 2 ದಿನ ಮುಂಚೆ ನಿಲ್ಲಿಸಿ. ದೊಡ್ಡ ಡೋಸ್ ಆಗಿದ್ದರೆ ಇನ್ನೂ ಹೆಚ್ಚು ದಿನ.

ರಿವರ್ಸ್ ಟಿ3 (ಟಿ4ನಿಂದಲೇ ಆಗುವ, ಆದರೆ ಕೆಲಸಕ್ಕೆ ಬಾರದ ರೂಪ) ಪರೀಕ್ಷೆ ಮಾಡಿಸಲೇ?

ಮಾಡಿಸಿದರೆ ದುಡ್ಡು ಖರ್ಚು, ಸಿಗುವ ಉತ್ತರ ಮಸುಕು. ಕಾಯಿಲೆ, ಉಪವಾಸ, ದೇಹಕ್ಕೆ ಬಿದ್ದ ಒತ್ತಡ ಎಲ್ಲಕ್ಕೂ ಅದು ಏರುತ್ತದೆ. ಅದನ್ನು ಗುರಿಯಾಗಿಟ್ಟು ಡೋಸ್ ಹೊಂದಿಸಿದರೆ ರೋಗಿಗೆ ಒಳಿತಾಗುತ್ತದೆ ಎಂಬುದಕ್ಕೆ ಪುರಾವೆಯಿಲ್ಲ.

ಹಾಗಾದರೆ ಇದು ಲೆವೋಥೈರಾಕ್ಸಿನ್‌ಗಿಂತ ಮೇಲೋ, ಕೀಳೋ?

ವೈದ್ಯಕೀಯ ಸಂಘಗಳ ಮೊದಲ ಆಯ್ಕೆ ಇಂದಿಗೂ ಲೆವೋಥೈರಾಕ್ಸಿನ್. ಅದು ಹಠವಲ್ಲ. ಟಿ4 ನಿಧಾನಿ, ಏರಿಳಿತ ಕಡಿಮೆ, ಬೇಕಾದಷ್ಟನ್ನು ದೇಹವೇ ಟಿ3 ಮಾಡಿಕೊಳ್ಳುತ್ತದೆ. ಬಹುಪಾಲು ಜನರಿಗೆ ಅದು ಸಾಕು.

ಆದರೆ ಎಲ್ಲರಿಗೂ ಅಲ್ಲ. 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 70 ಮಂದಿಗೆ ಎರಡೂ ಔಷಧಗಳನ್ನು, ಯಾವುದು ಯಾವಾಗ ಎಂದು ತಿಳಿಸದೆ, ತಲಾ 16 ವಾರ ಕೊಟ್ಟು ನೋಡಿದರು. ಕೊನೆಗೆ ಕೇಳಿದಾಗ ಹೆಚ್ಚು ಕಡಿಮೆ ಅರ್ಧದಷ್ಟು ಜನ ಒಣ ಥೈರಾಯ್ಡೇ ಇರಲಿ ಎಂದರು, ಲೆವೋಥೈರಾಕ್ಸಿನ್ ಬೇಕೆಂದವರು ಐದರಲ್ಲಿ ಒಂದು ಪಾಲಿಗೂ ಕಡಿಮೆ, ಉಳಿದವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ತೂಕವೂ ಒಣ ಥೈರಾಯ್ಡಿನ ಅವಧಿಯಲ್ಲಿ ಒಂದೂಕಾಲು ಕಿಲೋದಷ್ಟು ಇಳಿದಿತ್ತು. ಆದರೆ ಸುಸ್ತು, ಮರೆವು ಮುಂತಾದವನ್ನು ಅಳೆದು ನೋಡಿದಾಗ ಒಟ್ಟಾರೆ ಗುಂಪಿನಲ್ಲಿ ಹೇಳಿಕೊಳ್ಳುವ ಅಂತರ ಕಾಣಲಿಲ್ಲ. ಈ ಪ್ರಯೋಗವನ್ನು ಎರಡೂ ಪಕ್ಷದವರು ತಮ್ಮ ತಮ್ಮ ಗೆಲುವೆಂದು ಎತ್ತಿ ತೋರಿಸುತ್ತಾರೆ. ನನಗೆ ಅದರಿಂದ ಕಂಡದ್ದಿಷ್ಟೇ: ಕೆಲವರಿಗೆ ಇದು ಹಿಡಿಸುತ್ತದೆ, ಯಾರಿಗೆ ಎಂದು ಮುಂಚೆಯೇ ಹೇಳಲಾಗದು.

ಡೋಸ್ ಬದಲಾಗಿಲ್ಲ, ಹೊಸ ಡಬ್ಬಿ ತೆರೆದ ಮೇಲೆ ಲಕ್ಷಣ ಬದಲಾಯಿತು. ಭ್ರಮೆಯೇ?

ಇರಲಿಕ್ಕಿಲ್ಲ. ಅಮೆರಿಕದ ಔಷಧ ಮಾನದಂಡದ ಪ್ರಕಾರ ಲೆವೋಥೈರಾಕ್ಸಿನ್ ಮಾತ್ರೆಯಲ್ಲಿ ಹೇಳಿದ ಪ್ರಮಾಣದ 95ರಿಂದ 105 ಶೇಕಡಾ ಇರಬೇಕು. ಒಣ ಥೈರಾಯ್ಡಿಗೆ 90ರಿಂದ 110ರವರೆಗೆ ಅವಕಾಶವಿದೆ. 2020 ಮತ್ತು 2021ರಲ್ಲಿ ಪ್ರಮಾಣ ಮಿತಿ ಮೀರಿದ್ದಕ್ಕೆ ಅಥವಾ ಸಾಲದ್ದಕ್ಕೆ ಅಲ್ಲಿ ಕೆಲವು ಬ್ಯಾಚ್‌ಗಳನ್ನು ಅಂಗಡಿಗಳಿಂದ ವಾಪಸ್ ಪಡೆದದ್ದೂ ಉಂಟು. ಡಬ್ಬಿಯ ಬ್ಯಾಚ್ ಸಂಖ್ಯೆ ಮತ್ತು ತೆರೆದ ದಿನವನ್ನು ಬರೆದಿಟ್ಟುಕೊಳ್ಳಿ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಮಾತ್ರೆಗಳಿಗೆ ಎಂದೂ ವಿಧಿವತ್ತಾಗಿ ಅನುಮೋದನೆ ಕೊಟ್ಟಿರಲಿಲ್ಲ. ಹಳೆಯ ಕಾಲದಿಂದ ಮಾರಾಟದಲ್ಲಿದ್ದವು, ಹಾಗೇ ನಡೆದುಕೊಂಡು ಬಂದವು. 2025ರ ಆಗಸ್ಟ್‌ನಲ್ಲಿ ಅದು ತಯಾರಕರಿಗೆ ಪತ್ರ ಬರೆದು, ಅನುಮೋದನೆಯಿಲ್ಲದ ಪ್ರಾಣಿಜನ್ಯ ಥೈರಾಯ್ಡ್ ಔಷಧಗಳ ಮೇಲೆ ಕ್ರಮ ಕೈಗೊಳ್ಳುವ ಇರಾದೆ ತಿಳಿಸಿತು. ಮಾತ್ರೆ ಸಿಗದ ದಿನ ಬಂದರೆ ಯಾವುದಕ್ಕೆ, ಎಷ್ಟು ಡೋಸಿಗೆ ಬದಲಾಗುವುದು ಎಂದು ವೈದ್ಯರೊಡನೆ ಈಗಲೇ ಮಾತಾಡಿಟ್ಟುಕೊಳ್ಳುವುದು ಒಳ್ಳೆಯದು.

ಗರ್ಭಿಣಿಯಾದರೆ ಮುಂದುವರಿಸಬಹುದೇ?

ಇಲ್ಲಿ ಅಡ್ಡಗೋಡೆಯ ಮೇಲೆ ದೀಪವಿಡುವುದಿಲ್ಲ: ಗರ್ಭ ನಿಲ್ಲುವ ಯೋಚನೆ ಇದ್ದಾಗಲೇ ಲೆವೋಥೈರಾಕ್ಸಿನ್‌ಗೆ ಬದಲಾಗುವ ಮಾತಾಡಿ. ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳು ಬೆಳೆಯಲು ತಾಯಿಯ ಟಿ4 ಬೇಕು. ತಾಯಿಯ ಟಿ3 ಅಲ್ಲಿಗೆ ಅಷ್ಟಾಗಿ ತಲುಪುವುದಿಲ್ಲ. ಒಣ ಥೈರಾಯ್ಡ್ ತೆಗೆದುಕೊಳ್ಳುವವರಲ್ಲಿ ಕಡಿಮೆ ಇರುವುದು ಟಿ4 ತಾನೇ. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್‌ನ 2017ರ ಮಾರ್ಗಸೂಚಿಯೂ ಗರ್ಭಿಣಿಯರಿಗೆ ಇದು ಬೇಡ ಎನ್ನುತ್ತದೆ. ಆಗಲೇ ಗರ್ಭ ನಿಂತಿದ್ದರೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಅಂದೇ ವೈದ್ಯರಿಗೆ ತಿಳಿಸಿ.

ಎಲ್ಲ ಅಂಕಿ ಸರಿ ಇದ್ದರೂ ಸುಸ್ತು ಹೋಗುತ್ತಿಲ್ಲ.

ಆಗ ಥೈರಾಯ್ಡನ್ನು ಬಿಟ್ಟು ಬೇರೆ ಕಡೆ ನೋಡುವ ಹೊತ್ತು. ಕಬ್ಬಿಣದ ದಾಸ್ತಾನು ಹೇಳುವ ಫೆರಿಟಿನ್, ಬಿ12, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಖಿನ್ನತೆ, ಮುಟ್ಟು ನಿಲ್ಲುವ ಕಾಲದ ಏರುಪೇರು. ಮೂತ್ರಪಿಂಡದ ಮೇಲಿರುವ ಅಡ್ರೀನಲ್ ಗ್ರಂಥಿಯ ಕೊರತೆ ಅಪರೂಪ, ಆದರೆ ಅದಿದ್ದಾಗ ಥೈರಾಯ್ಡ್ ಹಾರ್ಮೋನ್ ಏರಿಸಿದರೆ ಪ್ರಾಣಕ್ಕೇ ಕುತ್ತು ಬರಬಹುದು. ತೂಕ ಇಳಿದು, ಬಿಪಿ ಬಿದ್ದು, ಚರ್ಮ ಕಪ್ಪಾಗುತ್ತಿದ್ದರೆ ಅದನ್ನೇ ಮೊದಲು ಪರೀಕ್ಷಿಸಬೇಕು.

ತೂಕ ಇಳಿಸಲು ಡೋಸ್ ಹೆಚ್ಚಿಸಿಕೊಳ್ಳಬಹುದೇ?

ಬೇಡ. ಮೊದಲು ಕರಗುವುದು ಮಾಂಸಖಂಡ, ದಣಿಯುವುದು ಹೃದಯ.

ಬೇರೆ ಔಷಧಗಳ ಜೊತೆ ಹೊಂದುತ್ತದೆಯೇ?

ರಕ್ತ ತೆಳುಮಾಡುವ ವಾರ್ಫರಿನ್‌ನ ಪರಿಣಾಮ ಹೆಚ್ಚಾಗಬಹುದು. ಸಕ್ಕರೆ ಕಾಯಿಲೆಯ ಔಷಧದ ಅಗತ್ಯ ಏರಬಹುದು. ಸ್ತ್ರೀ ಹಾರ್ಮೋನಾದ ಈಸ್ಟ್ರೋಜೆನ್‌ನ ಮಾತ್ರೆ ಶುರು ಮಾಡಿದರೆ ಥೈರಾಯ್ಡ್ ಡೋಸ್ ಸಾಲದೆ ಬರಬಹುದು. ಯಾವ ಹೊಸ ಮಾತ್ರೆ ಸೇರಿಸಿದರೂ 6–8 ವಾರಕ್ಕೆ ಥೈರಾಯ್ಡ್ ಪರೀಕ್ಷೆ ಇರಲಿ.

ಒಂದು ದಿನ ಮರೆತರೆ?

ಅದೇ ದಿನ ನೆನಪಾದರೆ ಹೊಟ್ಟೆ ಖಾಲಿ ಇರುವ ಹೊತ್ತು ನೋಡಿ ತೆಗೆದುಕೊಳ್ಳಿ. ಮರುದಿನ ನೆನಪಾದರೆ ಬಿಟ್ಟುಬಿಡಿ. ಲೆವೋಥೈರಾಕ್ಸಿನ್ ಆದರೆ ಎರಡು ದಿನದ್ದನ್ನು ಒಟ್ಟಿಗೆ ತೆಗೆದುಕೊಳ್ಳಿ ಎಂದು ಕೆಲವು ವೈದ್ಯರು ಹೇಳುವುದುಂಟು. ಇದರಲ್ಲಿ ಟಿ3 ಇರುವುದರಿಂದ ಆ ಸಲಹೆಯನ್ನು ಇಲ್ಲಿಗೆ ತರಬೇಡಿ. ಪರೀಕ್ಷೆಯ ವಾರದಲ್ಲಿ ಮರೆತಿದ್ದರೆ ಅದನ್ನೂ ರಿಪೋರ್ಟಿನ ಮೂಲೆಯಲ್ಲಿ, ಹೊತ್ತಿನ ಪಕ್ಕದಲ್ಲೇ ಬರೆಯಿರಿ.